ಗುಡ್ಡದ ಮೇಲಿನ ಚಂದ್ರ: ಚಿತ್ರಕ್ಕೆ ಹುಣ್ಣಿಮೆಗಿಂತ ಮುನ್ನಾದಿನ ಲೇಸು

ಹುಣ್ಣಿಮೆಯ ರಾತ್ರಿ ಮಾಳಿಗೆಯೇರಿ ಚಂದ್ರನ ಚಿತ್ರ ತೆಗೆದವರಿಗೆ ದೊರೆಯುವುದು ಸಾಮಾನ್ಯವಾಗಿ ಕಪ್ಪು ಅಂಗಿಗೆ ಹೊಲಿದ ಬಿಳಿ ಗುಂಡಿಯಂತಹ ಒಂದು ಚುಕ್ಕೆ. ತಪ್ಪು ಕ್ಯಾಮೆರಾದ್ದಲ್ಲ. ಆಕಾಶದಲ್ಲಿ ಚಂದ್ರನ ಅಗಲ ಕೇವಲ ಅರ್ಧ ಡಿಗ್ರಿ. ಕೈ ಚಾಚಿ ಹಿಡಿದ ಕಿರುಬೆರಳು ಅದನ್ನು ಪೂರ್ತಿ ಮರೆಮಾಡಬಲ್ಲದು. ಮೇಲಾಗಿ, ಸುತ್ತಲಿನ ಕತ್ತಲೆಗೆ ಹೊಂದಿಕೊಂಡು ಕ್ಯಾಮೆರಾ ಹೆಚ್ಚು ಬೆಳಕನ್ನು ಒಳಬಿಡುವುದರಿಂದ ಚಂದ್ರನ ಕಲೆಗಳೆಲ್ಲ ಅಳಿಸಿಹೋಗುತ್ತವೆ. ಚಂದ್ರನನ್ನು ಬಿಸಿಲಿನಲ್ಲಿರುವ ಬಂಡೆಯೆಂದೇ ಭಾವಿಸಬೇಕು: ಐಎಸ್‌ಒ 100, ಎಫ್/11, ಸೆಕೆಂಡಿನ 1/100 ಭಾಗ ಸಾಕು. ಮೊಬೈಲ್‌ನಲ್ಲಾದರೆ ಪರದೆಯ ಮೇಲೆ ಚಂದ್ರನನ್ನು ಮುಟ್ಟಿ ಬೆಳಕನ್ನು ತಗ್ಗಿಸಿದರಾಯಿತು.

ಆದರೆ ಚುಕ್ಕೆ ಸ್ಪಷ್ಟವಾದ ಮಾತ್ರಕ್ಕೆ ಅದು ಚಿತ್ರವಾಗದು. ಅದಕ್ಕೊಂದು ನೆಲ ಬೇಕು. ಗದಗ ಜಿಲ್ಲೆಯಲ್ಲಿ ಆ ನೆಲಕ್ಕೆ ಕೊರತೆಯಿಲ್ಲ. ಗದಗ ನಗರದ ದಕ್ಷಿಣದಿಂದ ತುಂಗಭದ್ರೆಯತ್ತ ಚಾಚಿರುವ ಕಪ್ಪತಗುಡ್ಡ ಶಿರಹಟ್ಟಿಗೆ ಪೂರ್ವ, ಮುಂಡರಗಿಗೆ ಪಶ್ಚಿಮ. ಹೀಗಾಗಿ ಶಿರಹಟ್ಟಿಯ ಕಡೆಯವರಿಗೆ ಗುಡ್ಡದ ಮೇಲೆ ಏಳುವ ಚಂದ್ರ, ಡಂಬಳ, ಡೋಣಿ, ಮುಂಡರಗಿಯವರಿಗೆ ಅದೇ ಗುಡ್ಡದ ಹಿಂದೆ ಮುಳುಗುವ ಚಂದ್ರ.

ದಿನದ ಆಯ್ಕೆಯೇ ಇಲ್ಲಿ ಮುಖ್ಯ. ಹುಣ್ಣಿಮೆಯಂದು ಚಂದ್ರ ಸೂರ್ಯಾಸ್ತದ ವೇಳೆಗೆ ಹುಟ್ಟಿ, ಗುಡ್ಡ ದಾಟಿ ಕಾಣಿಸುವಷ್ಟರಲ್ಲಿ ಕತ್ತಲಾಗುತ್ತದೆ. ಮುನ್ನಾದಿನ ಸುಮಾರು 50 ನಿಮಿಷ ಮೊದಲೇ ಹುಟ್ಟುವುದರಿಂದ ಗುಡ್ಡವೂ ಚಂದ್ರನೂ ಒಂದೇ ಬೆಳಕಿನಲ್ಲಿ ಸಿಗುತ್ತವೆ. ಮುಳುಗುವ ಚಂದ್ರನಿಗಾದರೆ ಹುಣ್ಣಿಮೆಯ ಮರುದಿನದ ಮುಂಜಾವು. ಚಳಿಗಾಲದ ಹುಣ್ಣಿಮೆ ಚಂದ್ರ ಈಶಾನ್ಯದಲ್ಲಿ, ಆಷಾಢದ್ದು ಆಗ್ನೇಯದಲ್ಲಿ ಹುಟ್ಟುತ್ತದೆಂಬುದನ್ನು ಗಮನಿಸಿ ಜಾಗ ಗೊತ್ತುಮಾಡಿಕೊಳ್ಳಬೇಕು.

ಚಂದ್ರ ದೊಡ್ಡದಾಗಿ ಕಾಣಲು ಹತ್ತಿರ ಹೋಗುವುದಲ್ಲ, ದೂರ ಸರಿಯಬೇಕು. ಯಾವುದೇ ವಸ್ತು ಅದರ ಎತ್ತರದ ಸುಮಾರು 110 ಪಟ್ಟು ದೂರದಿಂದ ಚಂದ್ರನಷ್ಟೇ ಗಾತ್ರಕ್ಕೆ ಕಾಣುತ್ತದೆ. ಆರಡಿ ಆಳಿಗೆ 660 ಅಡಿ. ಹತ್ತು ಮೀಟರ್ ಮರಕ್ಕೆ ಒಂದು ಕಿಲೋಮೀಟರಿಗೂ ಹೆಚ್ಚು. ಅಷ್ಟು ದೂರ ನಿಂತು ಟೆಲಿ ಲೆನ್ಸ್‌ನಿಂದ ಸೆಳೆದಾಗಲೇ ಮರದ ಹಿಂದೆ ಚಂದ್ರ ತುಂಬಿಕೊಳ್ಳುವುದು. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾಗಿದೆ. ಈ ಚಿತ್ರಕ್ಕಾಗಿ ಕತ್ತಲಲ್ಲಿ ಅದರೊಳಗೆ ನುಗ್ಗುವ ಅಗತ್ಯವೇ ಇಲ್ಲ. ಬಯಲಿನ ರಸ್ತೆಬದಿಯೇ ಸರಿಯಾದ ಸ್ಥಳ.

ಲಕ್ಷ್ಮೇಶ್ವರದ ಸೋಮೇಶ್ವರ ದೇವಾಲಯದಂತಹ ಊರೊಳಗಿನ ಗುಡಿಗೆ ಈ ಲೆಕ್ಕ ನಡೆಯದು, ಮನೆಗಳು ಅಡ್ಡ ಬರುತ್ತವೆ. ಅಲ್ಲಿಗೆ ಶುಕ್ಲ ಅಷ್ಟಮಿ ಒಳ್ಳೆಯದು. ಸಂಜೆ ಅರ್ಧಚಂದ್ರ ನೆತ್ತಿಯ ಮೇಲೇ ಇರುತ್ತದೆ. ಬೆಳಕು ಕತ್ತಲೆ ಸಂಧಿಸುವ ಗೆರೆಯಲ್ಲಿ ಕುಳಿಗಳ ನೆರಳೂ ಮೂಡುತ್ತದೆ.

ಸ್ಟ್ಯಾಂಡ್ ಮೊದಲೇ ಹೂಡಿರಲಿ. ಚಂದ್ರ ತನ್ನಗಲದಷ್ಟು ಸರಿಯಲು ಎರಡೇ ನಿಮಿಷ ಸಾಕು. ಗುಡ್ಡದಂಚಿನ ಮರದ ಹಿಂದಿನಿಂದ ಅದು ಜಾರಿತೆಂದರೆ, ಸ್ಟ್ಯಾಂಡ್ ಹೊತ್ತು ಹೊಲದ ಬದುವಿನ ಮೇಲೆ ಓಡುವುದೊಂದೇ ದಾರಿ.