ಎರಡು ರೈಲುಗಳ ನಡುವೆ ಒರ್ವಿಯೆಟೊ

ಪ್ರಶ್ನೆ: ರೋಮ್‌ನಿಂದ ಫ್ಲಾರೆನ್ಸ್‌ಗೆ ರೈಲಿನಲ್ಲಿ ಹೋಗುವಾಗ, ನಡುವೆ ಮೂರ್ನಾಲ್ಕು ಗಂಟೆ ಇಳಿದು ನೋಡಬಹುದಾದ ಹಳೆಯ ಊರು ಯಾವುದು?

ಉತ್ತರ: ಒರ್ವಿಯೆಟೊ. ಅತಿವೇಗದ ರೈಲಲ್ಲ, ಪ್ರಾದೇಶಿಕ ರೈಲು ಹಿಡಿಯಿರಿ. ಊರು ಜ್ವಾಲಾಮುಖಿ ಶಿಲೆಯ ದಿಬ್ಬದ ನೆತ್ತಿಯಲ್ಲಿದೆ. ನಿಲ್ದಾಣದೆದುರಿನ ಹಗ್ಗದ ರೈಲು ಮೇಲಕ್ಕೊಯ್ಯುತ್ತದೆ. ಹತ್ತಿದೊಡನೆ ಕ್ಯಾಥೆಡ್ರಲ್‌ಗೆ ಧಾವಿಸಬೇಡಿ, ಪಕ್ಕದಲ್ಲೇ ಸಂತ ಪ್ಯಾಟ್ರಿಕ್ ಬಾವಿಯಿದೆ. 1527ರಲ್ಲಿ ರೋಮ್ ಲೂಟಿಯಾದಾಗ ಇಲ್ಲಿ ಆಶ್ರಯ ಪಡೆದ ಪೋಪ್ ಏಳನೇ ಕ್ಲೆಮೆಂಟ್, ಮುತ್ತಿಗೆ ಬಿದ್ದರೂ ನೀರಿರಲೆಂದು ತೋಡಿಸಿದ್ದು. ಆಳ ಐವತ್ತು ಮೀಟರಿಗೂ ಮಿಕ್ಕು. ಒಂದನ್ನೊಂದು ಬಳಸಿದ ಎರಡು ಮೆಟ್ಟಿಲದಾರಿಗಳು. ಇಳಿಯುವ ಹೇಸರಗತ್ತೆಗೆ ನೀರು ಹೊತ್ತು ಏರುವ ಹೇಸರಗತ್ತೆ ಎದುರಾಗುತ್ತಲೇ ಇರಲಿಲ್ಲ! ಇಷ್ಟು ಚೆಂದದ ಜಾಣ್ಮೆಯನ್ನು ಕಣ್ಣಾರೆ ನೋಡಲೇಬೇಕು. ಮೊಣಕಾಲು ನೋವಿದ್ದರೆ ಮಾತ್ರ ಯೋಚಿಸಿ, 248 ಮೆಟ್ಟಿಲುಗಳಿವೆ. ಉಳಿದ ಹೊತ್ತು 1290ರಲ್ಲಿ ಆರಂಭವಾದ ಕ್ಯಾಥೆಡ್ರಲ್‌ಗೆ, ಒಳಗಿನ ಸಿನ್ಯೊರೆಲ್ಲಿಯ ಭಿತ್ತಿಚಿತ್ರಗಳಿಗೆ.