ಡೇರಿಯಲ್ಲಿ ಯಾರ ಕೆಲಸ ಯಾವುದು? ಬರೆದಿಟ್ಟುಕೊಳ್ಳೋಣ



ಬೆಳಿಗ್ಗೆ ಡೇರಿಗೆ ಹಾಲು ಹಾಕಿದಿರಿ, ಚೀಟಿ ಬರಲಿಲ್ಲ. ಕೇಳಿದರೆ ಹಾಲು ಪರೀಕ್ಷಕಿ, "ಪ್ರಿಂಟರ್ ಕೆಟ್ಟಿದೆ ಅಕ್ಕಾ, ಕಾರ್ಯದರ್ಶಿಗೆ ಹೇಳಿದ್ದೀನಿ" ಎನ್ನುತ್ತಾರೆ. ಕಾರ್ಯದರ್ಶಿ, "ರಿಪೇರಿ ಖರ್ಚಿಗೆ ಅಧ್ಯಕ್ಷರು ಒಪ್ಪಬೇಕು" ಎನ್ನುತ್ತಾರೆ. ಅಧ್ಯಕ್ಷರು, "ನನಗೆ ಯಾರೂ ಹೇಳಲೇ ಇಲ್ಲವಲ್ಲಾ" ಎನ್ನುತ್ತಾರೆ. ಮೂವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಆದರೆ ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಎಂದು ಗೊತ್ತಿಲ್ಲದೆ ದಿನವೂ ಹಾಲು ಹಾಕುತ್ತಿರುವವರು ನಾವು.

ಇಂಥ ತೊಂದರೆಗೆ ಹೆಚ್ಚಿನ ಸಲ ಕಾರಣ ಸಿಬ್ಬಂದಿಯ ಸೋಮಾರಿತನವಲ್ಲ. ಯಾರು ಏನು ಮಾಡಬೇಕು, ಅದರಿಂದ ಏನು ಆಗಬೇಕು ಎಂದು ಯಾರೂ ಬರೆದಿಟ್ಟಿರುವುದಿಲ್ಲ, ಅಷ್ಟೆ. ಹಳ್ಳಿಯ ಸಂಘದ ಸಿಬ್ಬಂದಿ ಒಕ್ಕೂಟದ ನೌಕರರಲ್ಲ. ಅವರನ್ನು ನೇಮಿಸುವುದು ಸಂಘ, ಸಂಬಳ ಹೋಗುವುದು ಸಂಘದ ಆದಾಯದಿಂದ. ಹಾಗಾಗಿ ಅವರ ಕೆಲಸವನ್ನು ಗೊತ್ತುಪಡಿಸಬೇಕಾದುದು ನಾವೇ ಆರಿಸಿ ಕಳಿಸಿದ ಆಡಳಿತ ಮಂಡಳಿ.

ಕೆಲಸ ಬೇರೆ, ಫಲಿತಾಂಶ ಬೇರೆ

"ಹಾಲು ಪರೀಕ್ಷೆ ಮಾಡುವುದು" ಎಂದು ಬರೆದರೆ ಅದು ಕೆಲಸ. "ಪ್ರತಿ ಸದಸ್ಯೆಯ ಹಾಲನ್ನೂ ಅವರ ಕಣ್ಣೆದುರೇ ಪರೀಕ್ಷಿಸಿ, ಲೀಟರ್, ಫ್ಯಾಟ್, ಎಸ್‌ಎನ್‌ಎಫ್ ಇರುವ ಚೀಟಿಯನ್ನು ಆಗಲೇ ಕೈಗೆ ಕೊಡುವುದು" ಎಂದು ಬರೆದರೆ ಅದು ಫಲಿತಾಂಶ. ಮೊದಲನೆಯದು ಆಯಿತೋ ಇಲ್ಲವೋ ಎಂದು ವಾದ ಮಾಡಬಹುದು. ಎರಡನೆಯದಕ್ಕೆ ವಾದವೇ ಬೇಡ. ಚೀಟಿ ಕೈಯಲ್ಲಿದೆ, ಇಲ್ಲವೇ ಇಲ್ಲ.

ಮೂರು ಹುದ್ದೆಗಳಿಗೆ ಇದನ್ನು ಅನ್ವಯಿಸಿ ನೋಡೋಣ.

ಕಾರ್ಯದರ್ಶಿ (ಮುಖ್ಯ ಕಾರ್ಯನಿರ್ವಾಹಕಿ): ಗೊತ್ತುಪಡಿಸಿದ ದಿನ ಎಲ್ಲರ ಬಟವಾಡೆ ಆಗಿರಬೇಕು. ನಗದು ಪುಸ್ತಕ ಅಂದಂದೇ ಬರೆದಿರಬೇಕು. ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನಕ್ಕೆ ಬೇಕಾದ ಪ್ರತಿ ಸದಸ್ಯೆಯ ಹಾಲಿನ ಲೆಕ್ಕ, ಬ್ಯಾಂಕ್ ಖಾತೆ ವಿವರ ತಪ್ಪಿಲ್ಲದೆ ಹೋಗಿರಬೇಕು. ದಿನಕ್ಕೆ 10 ಲೀಟರ್ ಹಾಕುವ ಮನೆಗೆ 30 ದಿನಕ್ಕೆ ಇದೇ 1,500 ರೂಪಾಯಿ. ಖಾತೆ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಾದರೆ ಅಷ್ಟೂ ಹಣ ನಿಲ್ಲುತ್ತದೆ.

ಹಾಲು ಪರೀಕ್ಷಕಿ: ಸರಿಯಾದ ಪರೀಕ್ಷೆ, ಚೀಟಿ, ಪ್ರತಿದಿನ ಯಂತ್ರದ ಶುಚಿತ್ವ. ಅಳತೆಯ ಬಗ್ಗೆ ಸಂಶಯ ಬಂದರೆ ಅಂದೇ ಕಾರ್ಯದರ್ಶಿಗೆ ತಿಳಿಸಿ ಪುಸ್ತಕದಲ್ಲಿ ಬರೆಯಬೇಕು.

ಕೃತಕ ಗರ್ಭಧಾರಣೆ ಕಾರ್ಯಕರ್ತೆ: ಬೆಳಿಗ್ಗೆ ಬೆದೆ ಕಂಡ ರಾಸಿಗೆ ಅಂದು ಸಂಜೆ, ಸಂಜೆ ಕಂಡದ್ದಕ್ಕೆ ಮರುದಿನ ಬೆಳಿಗ್ಗೆ ಗರ್ಭಧಾರಣೆ. ಕಿವಿಯೋಲೆಯ 12 ಅಂಕಿಯ ಸಂಖ್ಯೆ, ದಿನಾಂಕ, ಹೋರಿಯ ವಿವರ ದಾಖಲೆಯಲ್ಲಿರಬೇಕು. ಸುಮಾರು 21 ದಿನಕ್ಕೆ ಮತ್ತೆ ಬೆದೆಗೆ ಬಂತೇ ಎಂದು ವಿಚಾರಿಸಬೇಕು. ಎರಡು, ಮೂರು ತಿಂಗಳಾದ ಮೇಲೆ ಗರ್ಭ ಪರೀಕ್ಷೆ ಆಗುವಂತೆ ನೋಡಿಕೊಳ್ಳಬೇಕು. ಒಂದು ಬೆದೆ ತಪ್ಪಿದರೆ 21 ದಿನದ ಮೇವು ಹಿಂಡಿ ನಮ್ಮ ಕೈಯಿಂದ, ಕರು ಹಾಕುವುದು ಅಷ್ಟೇ ದಿನ ಹಿಂದಕ್ಕೆ.

ಕೈಯಲ್ಲಿ ಇಲ್ಲದ್ದನ್ನು ಹೊರಿಸಬಾರದು

ಇಲ್ಲಿ ಎಷ್ಟೋ ಸಂಘಗಳು ಎಡವುತ್ತವೆ. "ಸಂಘದ ಹಾಲಿನ ಫ್ಯಾಟ್ ಹೆಚ್ಚಿಸಬೇಕು" ಎಂದು ಪರೀಕ್ಷಕಿಯ ಜವಾಬ್ದಾರಿಯಲ್ಲಿ ಬರೆದರೆ ಅದು ಅನ್ಯಾಯ. ಫ್ಯಾಟ್ ಬರುವುದು ರಾಸಿನ ತಳಿ, ಒಣ ಮೇವು, ಹಾಲು ಕರೆಯುವ ಕ್ರಮ ಇವುಗಳಿಂದ. ಅವು ಇರುವುದು ನಮ್ಮ ಕೊಟ್ಟಿಗೆಯಲ್ಲಿ. ಪರೀಕ್ಷಕಿಗೆ ಹಾಗೆ ಒತ್ತಾಯ ಮಾಡಿದರೆ ಫ್ಯಾಟ್ ಏರುವುದಿಲ್ಲ, ಬರೆಯುವ ಅಂಕಿ ಮಾತ್ರ ಏರುತ್ತದೆ. ಆಮೇಲೆ ಒಕ್ಕೂಟದ ಪರೀಕ್ಷೆಯಲ್ಲಿ ಕಡಿಮೆ ಬಂದಾಗ ನಷ್ಟ ಸಂಘಕ್ಕೆ, ಅಂದರೆ ನಮ್ಮ ಬೋನಸ್ಸಿಗೆ.

ಹಾಗೆಯೇ, ಬೆದೆ ಕಂಡು ಎರಡು ದಿನ ಕಳೆದ ಮೇಲೆ ಕರೆ ಮಾಡಿ, ಗರ್ಭ ನಿಲ್ಲಲಿಲ್ಲವೆಂದು ಕಾರ್ಯಕರ್ತೆಯನ್ನು ದೂರುವುದೂ ಸರಿಯಲ್ಲ. ಬೆದೆ ಗುರುತಿಸಿ ಹೊತ್ತಿಗೆ ಸರಿಯಾಗಿ ಹೇಳುವುದು ನಮ್ಮ ಪಾಲಿನ ಕೆಲಸ. ಸಮಯಕ್ಕೆ ಬಂದು, ಸರಿಯಾಗಿ ಮಾಡಿ, ದಾಖಲಿಸುವುದು ಅವರ ಪಾಲಿನದು. ಎರಡನ್ನೂ ಬರೆದಿಡಿ.

ಜವಾಬ್ದಾರಿ ಕೊಟ್ಟರೆ ಅಧಿಕಾರವನ್ನೂ ಕೊಡಿ

ಚೀಟಿ ಕೊಡಿಸುವ ಹೊಣೆ ಕಾರ್ಯದರ್ಶಿಗೆ ಇದ್ದು, ಪ್ರಿಂಟರ್ ರಿಪೇರಿಗೆ ಸಭೆಯವರೆಗೆ ಕಾಯಬೇಕಾದರೆ ಆ ಹೊಣೆಗೆ ಅರ್ಥವಿಲ್ಲ. ಇಂತಿಷ್ಟು ರೂಪಾಯಿವರೆಗಿನ ತುರ್ತು ಖರ್ಚನ್ನು ಅವರೇ ಮಾಡಿ ಮುಂದಿನ ಸಭೆಗೆ ಲೆಕ್ಕ ಕೊಡಬಹುದೆಂದು, ಬೈಲಾಗೆ ಹೊಂದುವಂತೆ ಠರಾವು ಮಾಡಿ. ನೀರು ಬೆರೆತ ಹಾಲನ್ನು ತಿರಸ್ಕರಿಸುವ ಅಧಿಕಾರ ಪರೀಕ್ಷಕಿಗೆ ಇರಲಿ. ಆ ಹಾಲು ನಿರ್ದೇಶಕಿಯ ಮನೆಯದೇ ಆಗಿದ್ದರೂ ಸರಿ. "ಇದೊಂದು ಸಲ ತಗೊಳಮ್ಮ" ಎಂದು ಒತ್ತಾಯ ಮಾಡದಿರುವುದು ಆಡಳಿತ ಮಂಡಳಿಯ ಜವಾಬ್ದಾರಿ ಎಂದೂ ಅದೇ ಹಾಳೆಯಲ್ಲಿ ಬರೆಯಿರಿ.

ಬರಹ ಸಿಬ್ಬಂದಿಗೂ ರಕ್ಷಣೆ. ಡೇರಿ ಕೆಲಸದ ಜೊತೆಗೆ ಕಸ ಗುಡಿಸುವುದು, ಪಶು ಆಹಾರದ ಮೂಟೆ ಇಳಿಸುವುದು, ಅಧ್ಯಕ್ಷರ ಮನೆಯ ಅರ್ಜಿ ತುಂಬುವುದು ಎಲ್ಲವನ್ನೂ ಒಬ್ಬ ಹೆಣ್ಣುಮಗಳ ತಲೆಗೆ ಕಟ್ಟುವುದುಂಟು. ಹಾಳೆಯಲ್ಲಿ ಇಲ್ಲದ್ದನ್ನು "ಇದು ನನ್ನ ಕೆಲಸವಲ್ಲ" ಎನ್ನಲು ಅವರಿಗೆ ಧೈರ್ಯ ಬರುತ್ತದೆ.

ಒಂದೇ ಸಭೆಯಲ್ಲಿ ಮಾಡಬಹುದು

ಮುಂದಿನ ಆಡಳಿತ ಮಂಡಳಿ ಸಭೆಗೆ ಸಿಬ್ಬಂದಿಯನ್ನೂ ಕೂರಿಸಿಕೊಳ್ಳಿ. ಒಂದೊಂದು ಹುದ್ದೆಗೆ ಒಂದೊಂದು ಹಾಳೆ ಸಾಕು. ಅದರಲ್ಲಿ ಐದು ಪ್ರಶ್ನೆಗಳಿಗೆ ಉತ್ತರವಿರಲಿ:

1. ಈ ಹುದ್ದೆಯಿಂದ ಸದಸ್ಯರಿಗೆ ಏನು ಸಿಗಬೇಕು? (ಐದಾರು ಫಲಿತಾಂಶ ಸಾಕು)
2. ಯಾವ ಹೊತ್ತಿಗೆ, ಎಷ್ಟು ದಿನದೊಳಗೆ?
3. ಆಯಿತೆಂದು ಹೇಗೆ ತಿಳಿಯುವುದು? (ಚೀಟಿ, ಪುಸ್ತಕ, ದಾಖಲೆ)
4. ಅವರೇ ತೀರ್ಮಾನಿಸಬಹುದಾದದ್ದು ಏನು? ಯಾರಿಗೆ ವರದಿ ಮಾಡಬೇಕು?
5. ಅವರು ರಜೆಯಲ್ಲಿದ್ದರೆ ಯಾರು ನೋಡಿಕೊಳ್ಳುತ್ತಾರೆ?

ಒಪ್ಪಿದ ಮೇಲೆ ನಡಾವಳಿ ಪುಸ್ತಕದಲ್ಲಿ ದಾಖಲಿಸಿ, ಇಬ್ಬರೂ ಸಹಿ ಹಾಕಿ, ಒಂದು ಪ್ರತಿ ಸಿಬ್ಬಂದಿಗೆ ಕೊಡಿ. ಇನ್ನೊಂದನ್ನು ಡೇರಿಯ ಫಲಕದಲ್ಲಿ ಅಂಟಿಸಿ. ಮೂರು ತಿಂಗಳಿಗೊಮ್ಮೆ ಅದನ್ನು ಮುಂದಿಟ್ಟುಕೊಂಡು ಮಾತನಾಡಿ. ಸಂಬಳ ಹೆಚ್ಚಿಸುವ ಮಾತು ಬಂದಾಗಲೂ ಅದೇ ಹಾಳೆ ನೋಡಿ. ಆಗ ನೆಂಟಸ್ತಿಕೆ, ಮುಲಾಜು ಅಡ್ಡ ಬರುವುದಿಲ್ಲ. ಬರೆಯುವಾಗ ಸಂದೇಹ ಬಂದರೆ ನಿಮ್ಮ ಮಾರ್ಗದ ವಿಸ್ತರಣಾಧಿಕಾರಿಯನ್ನು ಕೇಳಿ.

ನೀವು ಆಡಳಿತ ಮಂಡಳಿಯಲ್ಲಿ ಇಲ್ಲದಿದ್ದರೂ ಸುಮ್ಮನಿರಬೇಕಿಲ್ಲ. ಸಂಘದ ಮಾಲೀಕರು ಸದಸ್ಯರೇ. ಮುಂದಿನ ಸರ್ವ ಸದಸ್ಯರ ಸಭೆಯಲ್ಲಿ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿ: "ನಮ್ಮ ಡೇರಿಯಲ್ಲಿ ಯಾರ ಕೆಲಸ ಯಾವುದು ಎಂದು ಬರೆದಿದೆಯೇ?"