ಹನ್ನೆರಡನೆಯ ವರ್ಣತಂತುವಿನ ತಪ್ಪು ನಕಲು

ವಿಷಯ ಕೇಳಿದೊಡನೆ ಮನೆಯಲ್ಲಿ ಯಾರಾದರೂ ರೇಡಿಯೋ ಆರಿಸಲು ಎದ್ದರೆ ದಯವಿಟ್ಟು ಅವರನ್ನು ಕೂರಿಸಿ. ಗಂಡಸರ ವೃಷಣದಲ್ಲಿ ಏಳುವ ಕ್ಯಾನ್ಸರ್ ಗಡ್ಡೆಯ ಮಾತಿದು. ಬರುವುದು ಹೆಚ್ಚಾಗಿ ಹದಿನೈದರಿಂದ ನಲವತ್ತರೊಳಗಿನ ತರುಣರಿಗೆ.

ನಾನು ಡಾಕ್ಟರನಲ್ಲ, ಮೆಟ್ರಿಕ್ ಓದಿ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು. ಲೆಡ್ಜರಿನ ಭಾಷೆಯಲ್ಲೇ ಹೇಳುತ್ತೇನೆ. ನಮ್ಮ ಒಂದೊಂದು ಜೀವಕೋಶದಲ್ಲೂ 46 ವರ್ಣತಂತುಗಳೆಂಬ ಪುಸ್ತಕಗಳಿವೆ. ತಂದೆಯಿಂದ 23, ತಾಯಿಯಿಂದ 23. ಕೋಶ ಎರಡಾಗುವಾಗಲೆಲ್ಲ ಅಷ್ಟಕ್ಕೂ ನಕಲು ಆಗಬೇಕು. ಪ್ರತಿ ವರ್ಣತಂತುವಿಗೂ ಒಂದು ನಡು ಉಂಟು. ನಡುವಿನ ಒಂದು ಕಡೆ ಗಿಡ್ಡ ತೋಳು, ಇನ್ನೊಂದು ಕಡೆ ಉದ್ದ ತೋಳು. ಈ ಗಡ್ಡೆಯ ಕೋಶಗಳಲ್ಲಿ 12ನೆಯ ವರ್ಣತಂತು ನಡುವಿನಲ್ಲಿ ಅಡ್ಡಕ್ಕೆ ಕಡಿದು, ಗಿಡ್ಡ ತೋಳೇ ಎರಡು ಸಲ ಸೇರಿಕೊಂಡಿರುತ್ತದೆ. ಉದ್ದ ತೋಳು ಮಾಯ. ಜಮಾ ಪುಟವನ್ನೇ ಎರಡು ಬಾರಿ ಹೊಲಿದು ಖರ್ಚಿನ ಪುಟ ಬಿಟ್ಟ ಹಾಗೆ. ಇದಕ್ಕೆ ಐಸೋಕ್ರೋಮೋಸೋಮ್ ಎನ್ನುತ್ತಾರೆ. 1982ರಲ್ಲಿ ಇಂಗ್ಲೆಂಡಿನ ಆಟ್ಕಿನ್ ಮತ್ತು ಬೇಕರ್ ಇದನ್ನು ಗುರುತಿಸಿದರು. ಇಂಥ ಐದು ಗಡ್ಡೆಗಳಲ್ಲಿ ಸುಮಾರು ನಾಲ್ಕರಲ್ಲಿ ಈ ತಪ್ಪು ನಕಲು ಸಿಗುತ್ತದೆ. ಉಳಿದವುಗಳಲ್ಲೂ ಬಹುಪಾಲು ಆ ಗಿಡ್ಡ ತೋಳಿನ ತುಂಡುಗಳು ಬೇರೆ ರೀತಿಯಲ್ಲಿ ಹೆಚ್ಚಾಗಿರುತ್ತವೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಈ ತಪ್ಪು ಇರುವುದು ಗಡ್ಡೆಯ ಕೋಶಗಳಲ್ಲಿ ಮಾತ್ರ. ಅದು ತಂದೆತಾಯಿ ಕೊಟ್ಟದ್ದಲ್ಲ, ಮಕ್ಕಳಿಗೆ ಹೋಗುವುದೂ ಇಲ್ಲ. ನಡತೆಗೂ ಅದಕ್ಕೂ ಸಂಬಂಧವಿಲ್ಲ. ಮಗು ಹೊಟ್ಟೆಯಲ್ಲಿದ್ದಾಗಲೇ ಬಲಿಯದೆ ಉಳಿದ ಮೂಲಕೋಶವೊಂದು ಪ್ರಾಯ ಬಂದ ಮೇಲೆ ಕೆಡುತ್ತದೆ ಎಂಬುದು ವಿಜ್ಞಾನಿಗಳ ಅಭಿಪ್ರಾಯ. ಹುಟ್ಟಿದಾಗ ವೃಷಣ ಚೀಲಕ್ಕೆ ಇಳಿಯದಿದ್ದವರಿಗೂ, ರೋಗಿಯ ಅಣ್ಣತಮ್ಮಂದಿರಿಗೂ ಅಪಾಯ ಸ್ವಲ್ಪ ಹೆಚ್ಚು ಎಂಬುದು ನಿಜ.

ಇದೇ ಜಾತಿಯ ಗಡ್ಡೆ ಕೆಲವೊಮ್ಮೆ ಎದೆಯೊಳಗೂ ಏಳುತ್ತದೆ. ಅದು ಯಾವ ಕುಲದ್ದೆಂದು ತಿಳಿಯದೆ ಡಾಕ್ಟರು ತಡವರಿಸುವಾಗ 12ರ ಗಿಡ್ಡ ತೋಳು ಹೆಚ್ಚಿದೆಯೇ ಎಂದು ನೋಡಿದರೆ ಗುಟ್ಟು ಬಯಲಾಗುತ್ತದೆ, ಸರಿಯಾದ ಔಷಧಿ ಸಿಗುತ್ತದೆ. 2011ರ ವಿಶ್ವಕಪ್ ಸರಣಿಶ್ರೇಷ್ಠ ಯುವರಾಜ್ ಸಿಂಗ್ ಅವರಿಗೆ ಬಂದದ್ದು ಎದೆಯ ಗಡ್ಡೆಯೇ. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಅವರನ್ನು ನೋಡಿದವರು ಡಾ. ಲಾರೆನ್ಸ್ ಐನ್‌ಹಾರ್ನ್. 1974ರಲ್ಲಿ ಸಿಸ್‌ಪ್ಲಾಟಿನ್ ಎಂಬ ಔಷಧಿಯನ್ನು ಬೇರೆ ಎರಡರ ಜೊತೆ ಕೊಟ್ಟು, ಹರಡಿದ ವೃಷಣದ ಕ್ಯಾನ್ಸರನ್ನೂ ವಾಸಿಮಾಡಿ ತೋರಿಸಿದವರು ಅವರೇ. ಯುವರಾಜ್ 2012ರಲ್ಲೇ ಮತ್ತೆ ಮೈದಾನಕ್ಕಿಳಿದರು.

ನಮ್ಮ ಶಾಖೆಗೆ ಬರುತ್ತಿದ್ದ ಒಬ್ಬ ಹುಡುಗನ ನೆನಪಾಗುತ್ತದೆ. ಗಂಟು ಕೈಗೆ ಸಿಕ್ಕಿತ್ತು, ನೋವಿರಲಿಲ್ಲ. ಮಲಯಾಳ ಡಾಕ್ಟರ ಮುಂದೆ ಯಾವ ಮಾತಿನಲ್ಲಿ ಹೇಳುವುದೆಂದು ನಾಚಿ ಎಂಟು ತಿಂಗಳು ಕೂತ. ಅಷ್ಟರಲ್ಲಿ ಅದು ಹೊಟ್ಟೆಗೆ ಹರಡಿತ್ತು. ಉಳಿದನೇನೋ ನಿಜ, ಆದರೆ ಆಪರೇಷನ್ನಿನ ಮೇಲೆ ನಾಲ್ಕು ಸುತ್ತು ಔಷಧಿ ಬೇಕಾಯಿತು. ವೃಷಣ ಎಂಬ ಮಾತು ಮಲಯಾಳ, ತೆಲುಗು, ಮರಾಠಿಗಳಲ್ಲೂ ನಡೆಯುತ್ತದೆ ಎಂದು ಆಗ ಅವನಿಗೆ ಯಾರೂ ಹೇಳಲಿಲ್ಲ.

ಗಂಟು ಕಂಡರೆ ಸ್ಕ್ಯಾನ್ ಮತ್ತು ರಕ್ತಪರೀಕ್ಷೆ ಮಾಡಿಸುತ್ತಾರೆ. ಒಂದು ವೃಷಣ ತೆಗೆದರೂ ಸಾಮಾನ್ಯವಾಗಿ ಇನ್ನೊಂದರಿಂದ ಸಂಸಾರಕ್ಕೆ ಅಡ್ಡಿಯಿಲ್ಲ. ಆದರೆ ಔಷಧಿ ಶುರುವಾಗುವ ಮೊದಲೇ ವೀರ್ಯ ಕಾಪಿಡುವ ಸೌಕರ್ಯ ಎಲ್ಲಿದೆಯೆಂದು ಡಾಕ್ಟರನ್ನು ಕೇಳಿಕೊಳ್ಳಿ. ಶುರುವಾದ ಮೇಲೆ ಕೇಳಿದರೆ ತಡವಾಗಿರುತ್ತದೆ.